ಸಾಲಿನಲ್ಲಿ ನಿಂತವರಿಗೆ ಸಾಲ

ಜೂನ್ 6, 1983, ಸೋಮವಾರ

ಇವತ್ತಿನಿಂದ ನಾನು ಸಂಘದ ಕಾರ್ಯದರ್ಶಿ. ಇಷ್ಟು ವರ್ಷ ಗುಮಾಸ್ತೆಯಾಗಿ ಕೂತಿದ್ದ ಅದೇ ಕೋಣೆ, ಕಿಟಕಿಯಾಚೆ ಅದೇ ಫೌಂಡ್ರಿಗಳ ಹೊಗೆ. ಕುರ್ಚಿ ಮಾತ್ರ ಬೇರೆ. ಅದರ ತೋಳುಗಳ ಮೇಲೆ ಕೈಯಿಡಲು ಮನಸ್ಸಾಗದೆ ದಿನವಿಡೀ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಕುರಿಚಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿ ಕೆಲಸಗಾರರು ತಾವೇ ಕಟ್ಟಿಕೊಂಡ ಉಳಿತಾಯ ಮತ್ತು ಸಾಲದ ಸಹಕಾರ ಸಂಘ ಇದು. ತಿಂಗಳ ಸಂಬಳದಲ್ಲಿ ಒಂದಿಷ್ಟನ್ನು ಇಲ್ಲಿಡುತ್ತಾರೆ. ಮಗಳ ಮದುವೆಗೆ, ಮನೆಗೆ ಹೆಂಚು ಹೊದಿಸುವುದಕ್ಕೆ, ಆಸ್ಪತ್ರೆಗೆ ಎಂದು ಸಾಲ ತೆಗೆಯುತ್ತಾರೆ. ಹೆಂಗಸೊಬ್ಬಳು ಈ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಅಧ್ಯಕ್ಷ ವೇಲುಸಾಮಿಯವರು ಹಟ ಹಿಡಿದು ನನ್ನ ಹೆಸರು ಹೇಳಿದರಂತೆ. ಅವರು ಒಂದು ಪಂಪ್ ಫೌಂಡ್ರಿಯಲ್ಲಿ ಫೋರ್‌ಮನ್; ತೊಂಡಾಮುತ್ತೂರಿನ ಕನ್ನಡ ಮಾತಿನ ಒಕ್ಕಲು ಮನೆಯವರು. ಓದು ಬರಹವೆಲ್ಲ ತಮಿಳು, ಆದರೆ ನನ್ನ ಹತ್ತಿರ ಮಾತ್ರ ಮನೆಯ ಕನ್ನಡವನ್ನೇ ಆಡುತ್ತಾರೆ.

"ಏನುಂಗ ಅಮ್ಮಣಿ, ಮುಖ ಯಾಕೆ ಹಿಂಗೆ ವಾಡೋಗಿದೆ? ಇಷ್ಟು ವರ್ಸ ನೀವು ತಾನೆ ಎಲ್ಲಾ ನಡೆಸಿದ್ದು. ಇನ್ನು ಮೇಲೆ ಕೈಯೆಳುತ್ತು ಕೂಡ ನಿಮ್ದು, ಅಷ್ಟೇ," ಎಂದರು.

ಆ ಸಹಿ ಹಾಕುವ ಮೊದಲು ಕಾಗದವನ್ನು ಮೂರು ಸಲ ಓದಿದೆ.

ಮನೆಯಲ್ಲಿ ಅಪ್ಪನಿಗೆ ಸಂತೋಷವಿಲ್ಲ. ಬ್ಯಾಂಕಿನ ಕ್ಯಾಷಿಯರ್ ಆಗಿ ಒಂದು ಮಾತೂ ಕೇಳಿಸಿಕೊಳ್ಳದೆ ನಿವೃತ್ತರಾದವರು. "ಬೇಡ ಅಂದ್ಬಿಡು ಭಾಮಾ. ಏನಾದ್ರೂ ಆದ್ರೆ ಮೊದಲು ಹಿಡಿಯೋದು ಕಾರ್ಯದರ್ಶಿನ್ನೇ," ಎಂದು ಊಟಕ್ಕೆ ಕೂತಾಗಲೂ ಹೇಳಿದರು. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಅವರ ಮಾತು ಮೀರಿ ನಾನು ಒಂದು ಸೀರೆಯನ್ನೂ ಕೊಂಡವಳಲ್ಲ. ಕೆಲಸ ಒಪ್ಪಿಕೊಂಡದ್ದು ಸರಿಯೋ ತಪ್ಪೋ ತಿಳಿಯದು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಅಪ್ಪ ಸ್ಲೇಟು ಹಿಡಿಸಿ ಕಲಿಸಿದ ಅಕ್ಷರ. ಆಫೀಸಿನಲ್ಲಿ ಮರೆತು ಬಂದರೂ ಈ ತಮಿಳು ಊರಿನಲ್ಲಿ ಯಾರೂ ಓದಲಾರರು ಎಂಬುದೇ ಧೈರ್ಯ.

ಜೂನ್ 18

ಎಲ್ಲರಿಗೂ ಗೊತ್ತಿದ್ದು ಯಾರೂ ಯೋಚಿಸದ ಸಂಗತಿಯೊಂದು ನನ್ನನ್ನು ಈ ವಾರವೆಲ್ಲ ಕಾಡುತ್ತಿದೆ. ನಮ್ಮ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಾರ್ಖಾನೆಯವರು. ಅದನ್ನು ಇಲ್ಲಿ 'ದೊಡ್ಡ ಪಟ್ಟರೆ' ಎಂದೇ ಕರೆಯುವುದು. ಸಾಲದ ಕಂತನ್ನು ಸಂಬಳದಲ್ಲಿ ಹಿಡಿದು ನಮಗೆ ಕಟ್ಟುವುದೂ ಅವರೇ. ಅಂದರೆ ನಮ್ಮ ಸಂಘ ನಿಂತಿರುವುದು ಒಂದೇ ಕಾಲಿನ ಮೇಲೆ, ಆ ಕಾಲೂ ನಮ್ಮದಲ್ಲ. ಈಗ ದಿನಕ್ಕೆ ಅರ್ಧ ಹೊತ್ತು ಕರೆಂಟ್ ಇಲ್ಲ. ಒಂದು ದಿನ ಆ ಪಟ್ಟರೆಯ ಗೇಟು ಮುಚ್ಚಿದರೆ? ಸಾಲ ವಾಪಸು ಬರುವುದು ನಿಲ್ಲುತ್ತದೆ. ಅದೇ ದಿನ ಅವರೆಲ್ಲ ಉಳಿತಾಯ ಕೊಡಿ ಎಂದು ಬರುತ್ತಾರೆ.

ಮುಂದಿನ ಎರಡು ವರ್ಷ ಸಂಘ ಹೇಗೆ ನಡೆಯಬೇಕು ಎಂದು ಒಂದು ಯೋಜನೆ ಬರೆದರೆ ಹೇಗೆ ಎಂದು ಅಪ್ಪನನ್ನು ಕೇಳಿದೆ.

"ನಿನ್ನನ್ನ ಯಾರು ಕೇಳಿದ್ರು? ಸುಮ್ನೆ ಸಂಬಳ ತಗೊ, ಬಾ," ಎಂದರು. ಆಮೇಲೆ, "ಬರೆಯೋದಿದ್ರೆ ತಮಿಳಲ್ಲಿ ಚಿಕ್ಕದಾಗಿ ಬರಿ. ಉದ್ದ ಇದ್ರೆ ಓದಲ್ಲ," ಎಂದೂ ಸೇರಿಸಿದರು.

ಜುಲೈ 3, ಭಾನುವಾರ

ಆಡಳಿತ ಮಂಡಳಿಯ ಸಭೆ. ಯೋಜನೆ ಓದಿದೆ. ಓದಿದೆ ಅನ್ನುವುದೂ ಸುಳ್ಳು. ಮೂರನೆಯ ವಾಕ್ಯಕ್ಕೇ ಕಾಗದವನ್ನು ಪಕ್ಕಕ್ಕೆ ಸರಿಸಿಬಿಟ್ಟೆ. ಉಳಿದದ್ದನ್ನು ವೇಲುಸಾಮಿಯವರು ಓದಿ ಮುಗಿಸಿದರು.

ತಂಗವೇಲು ನಕ್ಕರು. ಅವರು ದೊಡ್ಡ ಪಟ್ಟರೆಯ ಅಚ್ಚು ಕಟ್ಟುವ ಹಳೆಯ ಮೋಲ್ಡರ್, ನಿರ್ದೇಶಕರಲ್ಲಿ ಹೆಚ್ಚು ಮಾತುಳ್ಳವರು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವು ನೋವು ಆದರೂ ಮೊದಲು ಹೋಗುವವರು ಅವರೇ. ಆದರೆ ದೀಪಾವಳಿಗೆ ಒಳ್ಳೆಯ ಡಿವಿಡೆಂಡ್ ಕೊಡಿಸುತ್ತೇನೆ ಎಂದು ಗೇಟಿನ ಮುಂದೆ ಮಾತು ಕೊಟ್ಟಿದ್ದಾರೆ.

"ಮಳೆ ಬರುತ್ತೆ ಅಂತ ಬೇಸಿಗೇಲೇ ಕೊಡೆ ಹಿಡ್ಕೊಂಡು ಓಡಾಡಿ ಅಂತಾರೆ ಈಯಮ್ಮ," ಎಂದರು ತಮಿಳಿನಲ್ಲಿ. "ಲಾಭನ ಮೀಸಲು ಅಂತ ಒಳಗಿಟ್ಟರೆ ಸದಸ್ಯರು ನಮ್ಮನ್ನ ಒಳಗಿಡ್ತಾರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೋ. ವಿಷಯ ಮುಂದಿನ ಸಭೆಗೆ ಹೋಯಿತು.

ಜುಲೈ 4

ತಲೆನೋವು. ಆದರೂ ಹೋದೆ.

ಜುಲೈ 22

ವೇಲುಸಾಮಿಯವರು, ತಮಗೆ ನನ್ನ ಯೋಜನೆ ಅರ್ಥವಾಗಿದೆ, ಅದನ್ನು ಹೇಳುವ ರೀತಿ ಸರಿಯಿಲ್ಲ ಅಷ್ಟೇ ಎಂದರು. "ನೀವು ಬ್ಯಾಂಕ್ ಬಾಸೆ ಮಾತಾಡ್ತೀರಿ ಅಮ್ಮಣಿ. ಒಂದ್ಸಲ ನಮ್ಮ ಪಟ್ಟರೆಗೆ ಬನ್ನಿ," ಎಂದು ಕರೆದುಕೊಂಡು ಹೋದರು. ಇಷ್ಟು ವರ್ಷ ಕುರಿಚಿಯಲ್ಲಿದ್ದು ಫೌಂಡ್ರಿಯೊಳಗೆ ಕಾಲಿಟ್ಟಿದ್ದು ಇವತ್ತೇ.

ಕಪ್ಪು ಮರಳಿನ ಅಚ್ಚುಗಳು ಸಾಲಾಗಿ ಕೂತಿದ್ದವು. ಇಬ್ಬರು ಹಿಡಿದ ಸೌಟಿನಿಂದ ಕಾದ ಕಬ್ಬಿಣ ಸುರಿಯಿತು, ಕಣ್ಣಿಟ್ಟು ನೋಡಲಾಗದ ಕಿತ್ತಳೆ. ಅಚ್ಚು ತುಂಬಿದ ಮೇಲೂ ಅವರು ನಿಲ್ಲಿಸಲಿಲ್ಲ. ಪಕ್ಕದ ಇನ್ನೊಂದು ತೂತು ತುಂಬಿ ಮೇಲೆ ಬರುವವರೆಗೂ ಸುರಿದರು. ಅದೇಕೆ ಎಂದು ಕೇಳಿದೆ.

"ಅದು ರೈಸರ್. ಕಬ್ಬಿಣ ಆರೋವಾಗ ಸುರುಂಗುತ್ತೆ ತಾನೆ, ಚಿಕ್ಕದಾಗುತ್ತೆ. ಆವಾಗ ಒಳಕ್ಕೆ ಇಳಿಯಕ್ಕೆ ಮೇಲೆ ಸೊಲ್ಪ ನಿಂತಿರ್ಬೇಕು. ಇಲ್ಲಾಂದ್ರೆ ಒಳಗೆ ಓಟೆ. ಹೊರಗಿಂದ ನೋಡಿದ್ರೆ ಚಂದಾಗೇ ಇರುತ್ತೆ, ಭಾರ ಬಿದ್ದಾಗ ಒಡೆಯುತ್ತೆ."

ನಾನು ಮೀಸಲು ನಿಧಿ ಎಂದು ಪುಟಗಟ್ಟಲೆ ಬರೆದದ್ದು ಇದನ್ನೇ. ಅವರ ಮುಖ ನೋಡಿದೆ, ನಗುತ್ತಿದ್ದರು. ಇದನ್ನು ತೋರಿಸಲೆಂದೇ ಕರೆತಂದದ್ದು.

ಬರುವಾಗ ಕೋರ್, ಅಂದರೆ ಎರಕದೊಳಗೆ ಟೊಳ್ಳು ಉಳಿಸಲು ಅಚ್ಚಿನ ನಡುವೆ ಇಡುವ ಮರಳಿನ ಗಟ್ಟಿ, ಮಾಡುವ ಹೆಂಗಸರ ಹತ್ತಿರ ನಿಂತೆ. ಸುಬ್ಬಾತಾಳ್ ಎಂಬವಳು ದೊಡ್ಡ ಪಟ್ಟರೆಯವಳಂತೆ. ಅಲ್ಲಿ ಕೆಲಸ ಕಡಿಮೆ ಎಂದು ವಾರಕ್ಕೆ ಎರಡು ದಿನ ಇಲ್ಲಿಗೆ ಬರುತ್ತಾಳೆ. "ಸಂಗದಮ್ಮ ತಾನೆ ನೀವು? ನಮ್ಮ ಪಣ ಪತ್ರವಾಗಿದೆಯಾ?" ಎಂದು ಕೇಳಿದಳು. ಪಣ ಎಂದರೆ ಹಣ, ಪತ್ರ ಎಂದರೆ ಭದ್ರ. ಭದ್ರವಾಗಿದೆ ಎಂದೆ. ಬಸ್ಸಿನಲ್ಲಿ ಉಕ್ಕಡಂವರೆಗೂ ಆ ಉತ್ತರ ನನ್ನನ್ನು ಚುಚ್ಚುತ್ತಿತ್ತು.

ಆಗಸ್ಟ್ 7, ಭಾನುವಾರ

ಒಪ್ಪಿದರು.

ಕಾಗದ ಕೈಗೆತ್ತಿಕೊಳ್ಳಲಿಲ್ಲ. ಎದ್ದು ನಿಂತು, ಅಚ್ಚಿಗೆ ರೈಸರ್ ಇಲ್ಲದೆ ನಿಮ್ಮಲ್ಲಿ ಯಾರಾದರೂ ಕಬ್ಬಿಣ ಸುರಿಯುತ್ತೀರಾ ಎಂದು ಕೇಳಿದೆ. ಇಬ್ಬರು ಮೂವರು ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ಒಂದೊಂದಾಗಿ ಹೇಳಿದೆ. ಈ ವರ್ಷದ ಲಾಭದಲ್ಲಿ ಹೆಚ್ಚು ಪಾಲು ಮೀಸಲಿಗೆ. ಒಂದೇ ಕಾರ್ಖಾನೆಯ ಸಂಬಳ ನಂಬಿ ಕೊಡುವ ಸಾಲ ಒಟ್ಟು ಸಾಲದ ಕಾಲು ಭಾಗ ದಾಟಬಾರದು; ಈಗಾಗಲೇ ದಾಟಿರುವಲ್ಲಿ ಹೊಸದು ಬೇಡ. ಕಂತನ್ನು ಸದಸ್ಯರೇ ನಮ್ಮ ಕೌಂಟರಿಗೆ ಕಟ್ಟಬೇಕು, ಕಾರ್ಖಾನೆಯ ಕೈಯಿಂದ ಬೇಡ. ಅವಸರಕ್ಕೆ ಒದಗುವಂತೆ ಜಿಲ್ಲೆಯ ಸಹಕಾರಿ ಕೇಂದ್ರ ಬ್ಯಾಂಕಿನೊಂದಿಗೆ ಮೊದಲೇ ಒಪ್ಪಂದ ಇರಲಿ. ಜನ ನುಗ್ಗಿ ಬಂದ ದಿನ ಚಿಕ್ಕ ಉಳಿತಾಯದವರಿಗೆ ಮೊದಲು, ನಿರ್ದೇಶಕರಿಗೆ ಕೊನೆಗೆ.

ತಂಗವೇಲು ಕೊನೆಯದನ್ನು ಹಿಡಿದುಕೊಂಡರು. "ಹಾಗಿದ್ರೆ ನನ್ನದು ಎಲ್ಲರಿಗಿಂತ ಕಡೆಯದು ಅಂತ ಬರೀರಿ," ಎಂದು ಚೇಷ್ಟೆ ಮಾಡಿದರು. ನಾನು ನಡವಳಿಯಲ್ಲಿ ಹಾಗೆಯೇ ಬರೆದು ಅವರ ಸಹಿ ತೆಗೆದುಕೊಂಡೆ. ಆಗ ಎಲ್ಲರೂ ನಕ್ಕದ್ದು ನನ್ನನ್ನು ನೋಡಿ ಅಲ್ಲ.

ಡಿವಿಡೆಂಡ್ ಅವರು ಹೇಳಿದಷ್ಟು ಬರುವುದಿಲ್ಲ. ಗೇಟಿನ ಮುಂದೆ ಏನೆಂದು ಹೇಳಲಿ ಎಂದು ತಂಗವೇಲು ಹೊರಗೆ ಬಂದು ಕೇಳಿದರು. ನಾನೂ ಬಂದು ನಿಲ್ಲುತ್ತೇನೆ, ಜೊತೆಗೇ ಹೇಳೋಣ ಎಂದೆ.

ಆಗಸ್ಟ್ 25

ಕೇಂದ್ರ ಬ್ಯಾಂಕಿಗೆ ಹೋಗಿ ಬಂದೆ. ಅಪ್ಪ ಜೊತೆಗೆ ಬರುತ್ತೇನೆ ಎಂದಿದ್ದರು. ಅವರ ಪೂಜೆ ಮುಗಿಯುವಷ್ಟರಲ್ಲಿ ನನಗೆ ಬಸ್ಸು ಸಿಕ್ಕಿಬಿಟ್ಟಿತು.

ಮ್ಯಾನೇಜರ್ ನಿಧಾನದ ಮನುಷ್ಯ. ಪ್ರತಿ ಪ್ರಶ್ನೆಗೂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕುತ್ತಾರೆ. "ಎಲ್ಲರೂ ಮುಳುಗುವಾಗ ಬರ್ತಾರೆ. ನೀವು ಈಗಲೇ ಯಾಕೆ ಬಂದಿರಿ?" ಎಂದರು.

"ಮುಳುಗುವಾಗ ಬಂದರೆ ನೀವು ಕೊಡಲ್ಲ ಸಾರ್," ಎಂದೆ.

ಕನ್ನಡಕ ಒರೆಸುವುದು ನಿಂತಿತು. ಮೀಸಲಿನ ಠೇವಣಿಯ ಮೇಲೆ ಅವಸರದ ಸಾಲ ಮಂಜೂರಾಗಿದೆ. ಅಂಥ ದಿನ ಬಂದರೆ ಒಂದು ಫೋನ್ ಮಾಡಿದರೆ ಸಾಕು. ಮನೆಗೆ ಬರುವಾಗ ರಾಜಾ ಸ್ಟ್ರೀಟಿನಲ್ಲಿ ಒಂದು ನೀಲಿ ಸೀರೆ ಕೊಂಡೆ. ನೆಗಮಂ ನೇಯ್ಗೆ, ಅಂಚು ದಪ್ಪ, ಕೆಲಸಕ್ಕೆ ಒಳ್ಳೆಯದು.

ಸೆಪ್ಟೆಂಬರ್ 16

ಕರೆಂಟ್ ಇನ್ನೂ ಕಡಿತ. ದೊಡ್ಡ ಪಟ್ಟರೆಯಲ್ಲಿ ಒಂದು ಪಾಳಿ ನಿಂತಿತು. ಅವರು ಹಿಡಿದಿಟ್ಟುಕೊಂಡ ಹಿಂದಿನ ಕಂತು ನಮಗೆ ಬಂದಿಲ್ಲ. ಕೇಳಿದರೆ ಮುಂದಿನ ವಾರ ಎನ್ನುತ್ತಾರೆ. ಆದರೆ ಅವರ ಸದಸ್ಯರಲ್ಲಿ ಬಹುಪಾಲು ಜನರನ್ನು ಈಗಾಗಲೇ ಕೌಂಟರಿಗೆ ತಿರುಗಿಸಿದ್ದೇವೆ. ತಂಗವೇಲು ತಾವೇ ಗೇಟಿನಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದ್ದಾರೆ. ಇನ್ನೊಂದು ತಿಂಗಳು ಸಿಕ್ಕಿದ್ದರೆ ಎಲ್ಲ ಮುಗಿಯುತ್ತಿತ್ತು.

ಅಕ್ಟೋಬರ್ 10, ಸೋಮವಾರ

ದೊಡ್ಡ ಪಟ್ಟರೆ ಮುಚ್ಚಿತು. ಬೆಳಿಗ್ಗೆ ಪಾಳಿಗೆ ಹೋದವರು ಗೇಟಿಗೆ ಅಂಟಿಸಿದ ನೋಟೀಸು ನೋಡಿ ವಾಪಸಾದರು. ಮಧ್ಯಾಹ್ನದ ಹೊತ್ತಿಗೆ ಟೀ ಅಂಗಡಿಯಲ್ಲಿ ಮಾತು ಹುಟ್ಟಿದೆ: ಪಟ್ಟರೆಯ ಜೊತೆ ಸಂಘವೂ ಹೋಯಿತು, ನಾಳೆ ಬಾಗಿಲು ತೆಗೆಯುವುದಿಲ್ಲ.

ಮ್ಯಾನೇಜರಿಗೆ ಫೋನ್ ಮಾಡಿದೆ. ನಾಳೆ ಮಧ್ಯಾಹ್ನ ಹಣ ಕಳಿಸುತ್ತಾರೆ. ಬೆಳಗಿನ ಹೊತ್ತಿಗೆ ನಮ್ಮ ಕೈಯಲ್ಲಿರುವುದೇ ಸಾಕಾಗಬೇಕು. ಗುಮಾಸ್ತೆ ಮಲ್ಲಿಗಾಳಿಗೆ ಹೇಳಿದೆ: ನಾಳೆ ಒಂದು ಗಂಟೆ ಮುಂಚೆ ತೆಗೆಯೋಣ, ಹೊರಗೆ ಬೆಂಚು ಹಾಕಿಸು.

ಅಪ್ಪ, "ನಾಳೆ ರಜೆ ಹಾಕು, ಮೈ ಸರಿಯಿಲ್ಲ ಅನ್ನು," ಎಂದರು. ಯಾರ ಮೈ, ಏನಾಗಿದೆ ಎಂದು ಕೇಳಿದೆ. ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅಕ್ಟೋಬರ್ 11, ಮಂಗಳವಾರ

ನಾನು ಬಸ್ಸಿಳಿದಾಗಲೇ ಸಾಲು ಮೂಲೆಯ ಸೈಕಲ್ ಅಂಗಡಿ ದಾಟಿತ್ತು.  ಸಾಲಿನ ಪಕ್ಕದಲ್ಲೇ ನಡೆದು ಹೋಗಿ ಬಾಗಿಲು ತೆಗೆದೆ. ಎರಡೂ ಬಾಗಿಲು, ಕಿಟಕಿಗಳು ಕೂಡ. ಒಳಗೆ ಏನು ನಡೆಯುತ್ತಿದೆ ಎಂದು ಎಲ್ಲರಿಗೂ ಕಾಣಬೇಕು.

ನೂಕಾಟ ಶುರುವಾಯಿತು. ಕಂದಸಾಮಿ ಎಂಬ ದೊಡ್ಡ ದನಿಯ ಮೋಲ್ಡರ್ ಬಾಗಿಲಿಗೆ ಕೈ ಅಡ್ಡ ಹಿಡಿದು, "ಮೊದಲು ದೊಡ್ಡ ಪಟ್ಟರೆಯವರಿಗೆ ಕೊಡಿ. ಕೆಲಸ ಹೋಗಿದ್ದು ನಮ್ಮದು," ಎಂದು ಕೂಗಿದ. ಹಿಂದಿನಿಂದ ಬೇರೆ ಪಟ್ಟರೆಯವರು ಅವನ ಮೇಲೆ ಬಿದ್ದರು. ಬೆಂಚು ಮಗುಚಿತು. ಮುಂದಿದ್ದ ಮುದುಕಿಯೊಬ್ಬಳು ಗೋಡೆಗೆ ಒತ್ತಿಕೊಂಡು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು.

ನಾನು ಮಗುಚಿದ ಬೆಂಚನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಹತ್ತಿದೆ. ತಮಿಳಿನಲ್ಲಿ ಮಾತಾಡಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ, ಇಷ್ಟು ನೆನಪಿದೆ.

"ಕೇಳಿದವರಿಗೆಲ್ಲ ಕೊಡ್ತೇವೆ. ಇವತ್ತು ಮುಗಿಯದಿದ್ದರೆ ನಾಳೆ, ನಾಳೆ ಮುಗಿಯದಿದ್ದರೆ ನಾಡಿದ್ದು. ಚಿಕ್ಕ ಉಳಿತಾಯದವರು ಮೊದಲು. ನಿರ್ದೇಶಕರು ಕೊನೆಗೆ, ಅದು ಆಗಸ್ಟಿನಲ್ಲೇ ಬರೆದಿಟ್ಟ ನಿಯಮ. ಕಂದಸಾಮಿ, ಮೊದಲು ಆ ಅಜ್ಜಿಯನ್ನ ಒಳಗೆ ಕರ್ಕೊಂಡು ಬಾ. ಆಮೇಲೆ ಬಾಗಿಲು ನೀನೇ ನೋಡ್ಕೊ. ಯಾರೂ ನೂಕಬಾರದು."

 ಅವನು ಅಜ್ಜಿಯ ತೋಳು ಹಿಡಿದು ಒಳಗೆ ಕರೆತಂದ. ದಿನವಿಡೀ ಬಾಗಿಲಲ್ಲಿ ನಿಂತ. ಅವನ ದನಿಗೆ ಎದುರಾಡುವವರಿರಲಿಲ್ಲ.

ತಂಗವೇಲು ಹತ್ತು ಗಂಟೆಗೆ ಬಂದರು. ಅವರ ಮಗಳ ಮದುವೆ ತೈ ತಿಂಗಳಿಗೆ, ಸಂಕ್ರಾಂತಿ ಕಳೆದ ಮೇಲೆ, ಗೊತ್ತಾಗಿದೆ. ಸೇರಿಸಿದ್ದೆಲ್ಲ ಇಲ್ಲೇ ಇದೆ. ಸಾಲಿನಲ್ಲಿದ್ದವರು ಅವರಿಗೆ ದಾರಿ ಬಿಟ್ಟರು. ಅವರು ಒಳಗೆ ಬಂದು, ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ನನ್ನದು ಕಡೆಯದು ಅಂತ ಬರೆದುಕೊಟ್ಟಿದ್ದೀನಿ. ಏನು ಕೆಲಸ ಇದೆ ಹೇಳಿ," ಎಂದರು.  ಸದಸ್ಯರ ಗುರುತು ಹಿಡಿಯಲು ಮಲ್ಲಿಗಾಳ ಪಕ್ಕ ಕೂರಿಸಿದೆ.

ಮಧ್ಯಾಹ್ನ ಅಪ್ಪ ಟಿಫನ್ ಕ್ಯಾರಿಯರ್ ಹಿಡಿದು ಬಂದರು. ಆ ಜನವನ್ನು ನೋಡಿ ಮೆಟ್ಟಿಲಲ್ಲೇ ನಿಂತುಬಿಟ್ಟರು. "ಭಾಮಾ, ನಾನು ಏನು ಮಾಡ್ಲಿ?" ಎಂದು ಕೇಳಿದರು.

"ಹೊರಗಿನ ಬೆಂಚಲ್ಲಿ ಕೂತು, ಬರೆಯೋಕೆ ಬಾರದವರಿಗೆ ಚೀಟಿ ಬರೆದುಕೊಡಿ ಅಪ್ಪ. ಊಟ ಆಮೇಲೆ."

ಕೂತರು, ಬರೆದರು. ಸಂಜೆ ಅವರ ಸುತ್ತ ಐದಾರು ಮುದುಕಿಯರು ಹಣ ತೆಗೆದುಕೊಂಡ ಮೇಲೂ ಹರಟುತ್ತಾ ಕೂತಿದ್ದರು.

ಬ್ಯಾಂಕಿನ ಜೀಪು ಮಾತು ಕೊಟ್ಟ ಹೊತ್ತಿಗೆ ಬಂತು. ಪೆಟ್ಟಿಗೆ ಇಳಿಸುವಾಗ ಸಾಲು ಸುಮ್ಮನೆ ನೋಡಿತು. ಆದರೂ ಬಾಗಿಲು ಹಾಕುವಾಗ, ನಾಳೆ ಇನ್ನೂ ಹೆಚ್ಚು ಜನ ಬರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಸಂಜೆ ಅಲ್ಲೇ ಮಂಡಳಿಯ ಸಭೆ. ಅಷ್ಟರಲ್ಲಿ ಸುಬ್ಬಾತಾಳ್, ಕಂದಸಾಮಿ, ಇನ್ನೂ ಕೆಲವರು ಬಾಗಿಲ ಬಳಿ ನಿಂತಿದ್ದರು. ಕೆಲಸ ಹೋದವರೇ. ಸಾಲ ಬೇಕು ಎಂದರು. ಕೆಳಗಿನ ರಸ್ತೆಯಲ್ಲಿ ಒಂದು ಚಿಕ್ಕ ಫೌಂಡ್ರಿ ಕರೆಂಟಿಲ್ಲದೆ ಬೀಗ ಹಾಕಿಕೊಂಡು ಕೂತಿದೆ, ಯಜಮಾನ ಬಾಡಿಗೆಗೆ ಕೊಡುತ್ತಾನೆ. ಕುಲುಮೆಗೆ ಬೇಕಾದದ್ದು ಕೋಕು ಕಲ್ಲಿದ್ದಲು. ಗಾಳಿ ಊದುವುದಕ್ಕೆ ಮಾತ್ರ ಕರೆಂಟು. ಆ ಬ್ಲೋವರನ್ನು ಆಯಿಲ್ ಎಂಜಿನ್ನಿಗೆ ಕಟ್ಟಿದರೆ ಯಾರ ಕರೆಂಟೂ ಬೇಡ.

"ಆರ್ಡರ್ ಎಲ್ಲಿಂದ ತರ್ತೀರಿ?" ಎಂದೆ.

 ಅದನ್ನು ಅವರು ಯೋಚಿಸಿರಲಿಲ್ಲ.

ನಾನು ಯೋಚಿಸಿದೆ. ಕರೆಂಟಿಲ್ಲದೆ ತೊಂಡಾಮುತ್ತೂರಿನ ಕಡೆ ರೈತರು ಮೂಲೆ ಸೇರಿದ್ದ ಹಳೆಯ ಆಯಿಲ್ ಎಂಜಿನ್ ಪಂಪುಗಳನ್ನು ಹೊರಗೆ ತೆಗೆದಿದ್ದಾರೆ ಎಂದು ವೇಲುಸಾಮಿಯವರೇ ಹಿಂದಿನ ವಾರ ಹೇಳಿದ್ದರು. ಬಿಡಿಭಾಗ ಸಿಗದೆ ಒದ್ದಾಡುತ್ತಿದ್ದಾರೆ ಎಂದೂ. ಅವರ ಅಣ್ಣ ಮಯಿಲ್‌ಸಾಮಿ ಅಲ್ಲಿಯ ರೈತರಿಗೆಲ್ಲ ಬೇಕಾದವರು. ಅವರ ಮೂಲಕ ಆ ಬಿಡಿಭಾಗಗಳ ಆರ್ಡರ್ ತರಿಸೋಣ ಎಂದೆ.

ಆಗ ತಂಗವೇಲು ಎದ್ದರು. "ಅಮ್ಮ, ದೊಡ್ಡ ಪಟ್ಟರೆಯವರಿಗೆ ಹೊಸ ಸಾಲ ಇಲ್ಲ ಅಂತ ನಿಯಮ ಮಾಡಿದ್ದು ನೀವೇ. ಇಂಥ ದಿನ ಅದನ್ನ ಮುರಿಯೋದಾ? ನಾನೇ ಒಪ್ಪಲ್ಲ."

ಅವರು ಹೇಳಿದ್ದು ಸರಿ.  "ನಿಯಮ ಇರೋದು ಒಂದೇ ಸಂಬಳ ನಂಬಿ ಕೊಡೋ ಸಾಲಕ್ಕೆ," ಎಂದೆ. "ಇವರು ಇನ್ನು ಆ ಸಂಬಳ ನಂಬಲ್ಲ. ಇವರ ಕೈಯಲ್ಲಿ ರೈತರ ಆರ್ಡರ್ ಇದ್ದರೆ, ಬಾಡಿಗೆ ಪತ್ರ ಇದ್ದರೆ, ಎಂಜಿನ್ ನಮಗೆ ಅಡವಿದ್ದರೆ, ಒಬ್ಬರಿಗೊಬ್ಬರು ಜಾಮೀನು ನಿಂತರೆ ಇದು ಬೇರೆ ಸಾಲ. ಈ ಮೂರರಲ್ಲಿ ಒಂದು ತಪ್ಪಿದರೂ ನಾನೇ ಬೇಡ ಅಂತೀನಿ. ಆದರೆ ಕೊಡೋದಾದರೆ ನಾಳೆಯೇ ಕೊಡಬೇಕು, ಎಲ್ಲರ ಮುಂದೆ. ಉಳಿಸಿದ್ದನ್ನ ವಾಪಸು ಕೊಡೋ ಸಂಘ ಭದ್ರ ಅಂತ ಜನ ಅರ್ಧ ನಂಬ್ತಾರೆ. ಅದೇ ದಿನ ಸಾಲನೂ ಕೊಟ್ಟರೆ ಪೂರ್ತಿ ನಂಬ್ತಾರೆ."

ಮೂರು ಎಂದು ಹೇಳಿ ನಾಲ್ಕು ಷರತ್ತು ಎಣಿಸಿದ್ದೆ ಎಂದು ಮಲ್ಲಿಗಾ ಆಮೇಲೆ ನಗುತ್ತಾ ಹೇಳಿದಳು.

ವೇಲುಸಾಮಿ ಎದ್ದು ಹೊರಗೆ ಹೋಗಿ ನಿಂತರು. "ನನ್ನ ಅಣ್ಣನ ಮಾತು ಬಂದಿದೆ. ನಾನು ವೋಟ್ ಹಾಕೋದು ಬೇಡ," ಎಂದರು. ಉಳಿದವರು ಕೈಯೆತ್ತಿದರು. ತಂಗವೇಲು ಎಲ್ಲರಿಗಿಂತ ಕೊನೆಗೆ, ಆದರೆ ನೇರವಾಗಿ.

ಅಣ್ಣನಿಗೆ ಸುದ್ದಿ ಮುಟ್ಟಿಸಲು ವೇಲುಸಾಮಿ ಕೊನೆಯ ಬಸ್ಸಿಗೆ ಓಡಿದರು.

ಅಕ್ಟೋಬರ್ 12, ಬುಧವಾರ

ನಿನ್ನೆಗಿಂತ ಹೆಚ್ಚು ಜನ. ಸಾಲು ಎಲ್ಲಿ ಮುಗಿಯುತ್ತದೆ ಎಂದು ನನಗೆ ಕಾಣಲಿಲ್ಲ. ಕೊಡುತ್ತಾ ಹೋದೆವು. ಪೆಟ್ಟಿಗೆಯ ತಳ ಮಲ್ಲಿಗಾಳಿಗೆ ಕಾಣತೊಡಗಿತು. ಅವಳ ಮುಖ ನೋಡಿದರೆ ನನಗೆ ತಿಳಿಯುತ್ತಿತ್ತು. ಬ್ಯಾಂಕಿನ ಮುಂದಿನ ಜೀಪು ಮೂರು ಗಂಟೆಗೆ.

ಹನ್ನೊಂದರ ಸುಮಾರಿಗೆ ಹಾರನ್ ಹೊಡೆಯುತ್ತಾ ಒಂದು ಟೆಂಪೊ ಬಂದು ಸಂಘದ ಎದುರೇ ನಿಂತಿತು. ಮಯಿಲ್‌ಸಾಮಿ ಮುಂದಿನ ಸೀಟಿನಿಂದ ಇಳಿದರು. ಹಿಂದೆ ನಾಲ್ಕೈದು ರೈತರು, ಅವರ ಕಾಲ ಬಳಿ ಒಡೆದ ಪಂಪುಗಳ ರಾಶಿ. ಬಿರುಕು ಬಿಟ್ಟ ಕವಚ, ಹಲ್ಲು ಮುರಿದ ಚಕ್ರ, ತುಕ್ಕು ತಿಂದ ಬುಡ. ಒಂದೊಂದನ್ನೇ ಇಳಿಸಿ ಬೀದಿಯಲ್ಲಿ ಸಾಲಿನ ಪಕ್ಕದಲ್ಲೇ ಜೋಡಿಸಿದರು.

"ಯಾರಮ್ಮ ಇಲ್ಲಿ ಕಾರ್ಯದರಿಸಿ?" ಎಂದು ಮಯಿಲ್‌ಸಾಮಿ ಕೇಳಿದರು. ನಾನು ಹೊರಗೆ ಬಂದೆ. "ತಮ್ಮ ಹೇಳಿದ, ಇಲ್ಲಿ ಪಂಪ್ ಮಾಡೋ ಕೈಯೆಲ್ಲಾ ಸುಮ್ಕೆ ಸಾಲಲ್ಲಿ ನಿಂತವೆ ಅಂತ. ನಮ್ಮ ತೋಟದಾಗೆ ವಾಳೆ ಗಿಡ ಒಣಗ್ತಾ ಅದೆ. ಇಷ್ಟನ್ನೂ ಯಾವಾಗ ಕೊಡ್ತೀರಿ, ಅದನ್ನ ಹೇಳಿಂಗ. ಕಾಗಿತ ಎಲ್ಲಾ ಬರೆದು ತಂದಿದೀವಿ."

ಆರ್ಡರಿನ ಕಾಗದವನ್ನು ಕೊಟ್ಟರು. ಊರಿನವರ ಸಹಿ, ಹೆಬ್ಬೆಟ್ಟು. ಕೆಳಗಿನ ರಸ್ತೆಯ ಯಜಮಾನ ಬಾಡಿಗೆ ಪತ್ರ ತಂದಿದ್ದ. ನಾನು ಬೆಂಚನ್ನು ಮೆಟ್ಟಿಲ ಮುಂದಕ್ಕೆ ಎಳೆಸಿ, ಬೀದಿಯಲ್ಲೇ ಸುಬ್ಬಾತಾಳ್‌ಳನ್ನೂ ಅವಳ ಜೊತೆಯವರನ್ನೂ ಕೂರಿಸಿ, ಷರತ್ತುಗಳನ್ನು ಗಟ್ಟಿಯಾಗಿ ಓದಿ ಸಹಿ ಮಾಡಿಸಿದೆ. ಸುಬ್ಬಾತಾಳ್ ಹಣವನ್ನು ಮಡಿಲಿಗೆ ಹಾಕಿಕೊಳ್ಳುವಾಗ ಸಾಲು ಕತ್ತು ಚಾಚಿ ನೋಡಿತು. "ಸಾಲ ಕೊಡ್ತಿದಾರೆ," ಎಂಬ ಮಾತು ಮುಂದಿನಿಂದ ಹಿಂದಕ್ಕೆ ಹರಿದುಹೋಯಿತು.

ಆಮೇಲೆ ಆದದ್ದನ್ನು ಯಾವ ಯೋಜನೆಯಲ್ಲೂ ನಾನು ಬರೆದಿರಲಿಲ್ಲ. ಸಾಲಿನಲ್ಲಿದ್ದ ಒಬ್ಬ ಹಿರಿಯ ಮೋಲ್ಡರ್, ಪೆರಿಯಸಾಮಿ, ಪಕ್ಕದಲ್ಲಿದ್ದ ಒಡೆದ ಕವಚದ ಮೇಲೆ ಕೈಯಾಡಿಸಿದ. ಬಗ್ಗಿದ. ಬಿರುಕಿನೊಳಗೆ ಉಗುರು ತೂರಿಸಿ, "ಇದನ್ನ ಸುರಿದವನು ಯಾರಪ್ಪಾ, ಕೋರ್ ಪಕ್ಕಕ್ಕೆ ಸರಿದುಹೋಗಿದೆ," ಎಂದ. ಪಕ್ಕದವನು ಅಲ್ಲ, ಅದು ಮರಳಿನ ತಪ್ಪು ಎಂದ. ಮೂರನೆಯವನು ಇಬ್ಬರೂ ತಪ್ಪು ಎಂದು ಸಾಲು ಬಿಟ್ಟು ಕೆಳಗೆ ಕೂತ. ನೋಡನೋಡುತ್ತಿದ್ದಂತೆ ಆ ರಾಶಿಯ ಸುತ್ತ ಜನ ಗುಂಪುಗೂಡಿದರು. ಒಬ್ಬ ಅಳತೆ ತೆಗೆಯುತ್ತಿದ್ದ. ಮತ್ತೊಬ್ಬ, ರೈತನೊಬ್ಬನಿಗೆ ಬೈಯುತ್ತಿದ್ದ, ಎಣ್ಣೆ ಹಾಕದೆ ಓಡಿಸಿದ್ದಕ್ಕೆ. ಕಂದಸಾಮಿ ಬಾಗಿಲು ಕಾಯುವುದನ್ನು ಮರೆತು ಚಕ್ರವೊಂದನ್ನು ಹೆಗಲಿಗೇರಿಸಿ ನಿಂತಿದ್ದ.

ತಿರುಗಿ ನೋಡಿದರೆ ಬಾಗಿಲಲ್ಲಿ ಸಾಲೇ ಇರಲಿಲ್ಲ. ಒಬ್ಬಳೇ ಒಬ್ಬಳು ಹೆಂಗಸು ಚೀಟಿ ಹಿಡಿದು ನಿಂತಿದ್ದಳು. ಕೊಡಲೇ ಎಂದು ಮಲ್ಲಿಗಾ ಕೇಳಿದಳು. ಅವಳು ಬೀದಿಯ ಕಡೆ ನೋಡಿ, ಚೀಟಿಯನ್ನು ಎರಡಾಗಿ ಮಡಚಿ, "ಇರಲಿ. ದೀಪಾವಳಿಗೆ ಬರ್ತೀನಿ," ಎಂದಳು.

ತಂಗವೇಲು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಯಾರೂ ನೋಡದಂತೆ ನಾನು ಅವರ ಮುಂದೆ ನಿಂತುಕೊಂಡೆ.

ಅಕ್ಟೋಬರ್ 14

ನಿನ್ನೆ, ಇವತ್ತು ಎರಡೂ ದಿನ ತೆಗೆದವರಿಗಿಂತ ಇಟ್ಟವರು ಹೆಚ್ಚು. ಮೊದಲ ದಿನದ ಅಜ್ಜಿ ಸೆರಗಿನ ಗಂಟು ಬಿಚ್ಚಿ ವಾಪಸಿಟ್ಟಳು. ಮನೆಯಲ್ಲಿ ಇಲಿ ಕಾಟವಂತೆ.

ಮ್ಯಾನೇಜರ್ ಫೋನ್ ಮಾಡಿದ್ದರು. ಜಿಲ್ಲೆಯ ಉಳಿದ ಸಂಘಗಳವರನ್ನು ಸೇರಿಸಿ ಒಂದು ದಿನ ಮಾತಾಡಬೇಕಂತೆ ನಾನು. ಆಗಲಿ, ದೀಪಾವಳಿ ಕಳೆಯಲಿ ಎಂದೆ. ಸಂಜೆ ಅಪ್ಪ ತಮ್ಮ ಪಿಂಚಣಿಯ ಹಣವನ್ನು ಎಲ್ಲಿ, ಎಷ್ಟು ಭಾಗ ಮಾಡಿ ಇಡಬೇಕು ಎಂದು ಕೇಳಿದರು. ಹೇಳಿದೆ. ಬರೆದುಕೊಂಡರು. ನನಗೆ ನಿದ್ದೆ ಬರುತ್ತಿತ್ತು.

ಅಕ್ಟೋಬರ್ 27

ದೊಡ್ಡ ಪಟ್ಟರೆ ಇನ್ನೂ ತೆರೆದಿಲ್ಲ. ಅವರು ಹಿಡಿದಿಟ್ಟ ಕಂತಿನಲ್ಲಿ ಅರ್ಧ ಬಂತು, ಉಳಿದದ್ದಕ್ಕೆ ನೋಟೀಸು ಕಳಿಸಿದ್ದೇನೆ. ಡಿವಿಡೆಂಡ್ ಕಡಿಮೆಯೇ. ಯಾರೂ ಅದರ ಬಗ್ಗೆ ಕೇಳಲಿಲ್ಲ. ಕೆಲಸ ಹೋದ ಇನ್ನೊಂದು ಗುಂಪು ಸಾಲಕ್ಕೆ ಬಂದಿದೆ; ಆರ್ಡರ್ ಇಲ್ಲದೆ ಬರಬೇಡಿ ಎಂದು ವಾಪಸು ಕಳಿಸಿದೆ. ತರುತ್ತಾರೆ. ಸೋಮನೂರಿನ ಕಡೆ ಪವರ್‌ಲೂಮಿನ ಬಿಡಿಭಾಗ ಕೇಳಿ ನೋಡಿ ಎಂದು ದಾರಿಯನ್ನೂ ಹೇಳಿದ್ದೇನೆ.

ನವೆಂಬರ್ 2, ಬುಧವಾರ

ದೀಪಾವಳಿಗೆ ಮೊದಲು ಸುರಿಯಲೇಬೇಕು ಎಂದು ಸುಬ್ಬಾತಾಳ್ ಹಟ ಹಿಡಿದಿದ್ದಳು. ಇವತ್ತು ಸುರಿದರು.

ಮಂಡಳಿಯವರೆಲ್ಲ ಹೋಗಿದ್ದೆವು. ತೊಂಡಾಮುತ್ತೂರಿನಿಂದ ಮಯಿಲ್‌ಸಾಮಿಯವರ ಟೆಂಪೊ. ಬ್ಯಾಂಕಿನ ಮ್ಯಾನೇಜರ್ ಕೂಡ ಬಂದು, ಕನ್ನಡಕದ ತುಂಬ ಮಸಿ ಮಾಡಿಕೊಂಡು ನಿಂತಿದ್ದರು. ಆಯಿಲ್ ಎಂಜಿನ್ ಮೊದಲು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಕಂದಸಾಮಿ ಅದಕ್ಕೆ ಕೆಟ್ಟ ಬೈಗುಳ ಬೈದ ಮೇಲೆ ಹಿಡಿದುಕೊಂಡಿತು. ಬೆಲ್ಟು ಓಡಿತು, ಕುಲುಮೆ ಉಸಿರೆಳೆಯಿತು. ಇಡೀ ಬೀದಿಯಲ್ಲಿ ಕರೆಂಟಿರಲಿಲ್ಲ. ಇಲ್ಲಿ ಮಾತ್ರ ಕಬ್ಬಿಣ ಕರಗುತ್ತಿತ್ತು.

ಸುರಿದ ಮೇಲೆ ಕಾಯಬೇಕು.  ಸುಬ್ಬಾತಾಳ್ ಮರಳ ರಾಶಿಯ ಮೇಲೆ ಕೂತು ಕಣ್ಣು ಮುಚ್ಚಿದ್ದಳು. ಕೋರ್ ಅವಳು ಮಾಡಿದ್ದು. ಅದು ಸರಿದಿದ್ದರೆ ಎಲ್ಲ ಹೋದಂತೆ. ಮಧ್ಯಾಹ್ನ ದಾಟಿದ ಮೇಲೆ ಅಚ್ಚು ಒಡೆದರು. ಮರಳು ಉದುರಿ ಪಂಪಿನ ಕವಚ ಹೊರಗೆ ಬಂತು, ಬೂದು ಬಣ್ಣ, ಇನ್ನೂ ಬಿಸಿ. ಪೆರಿಯಸಾಮಿ ಕುಂಚದಿಂದ ಒರೆಸಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ.  ಸರಪಳಿಗೆ ತೂಗುಹಾಕಿದರು.

ವೇಲುಸಾಮಿ ಒಂದು ಚಿಕ್ಕ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. "ಒಳಗೆ ಬಿರುಕಿದ್ರೆ ಮಂಕು ಸದ್ದು ಬರುತ್ತೆ ಅಮ್ಮಣಿ. ಚೆನ್ನಾಗಿದ್ರೆ ನಿಮಗೇ ಗೊತ್ತಾಗುತ್ತೆ. ತಟ್ಟಿಂಗ."

"ಸುಬ್ಬಾತಾಳ್ ತಟ್ಟಲಿ," ಎಂದೆ. ಅವಳು ಕಣ್ಣು ತೆರೆಯದೆಯೇ ತಲೆಯಾಡಿಸಿದಳು. ಹಾಗಾಗಿ ನಾನೇ ತಟ್ಟಿದೆ.

ದೇವಸ್ಥಾನದ ಗಂಟೆಯೂ ಹಾಗೆ ಮೊಳಗಿದ್ದನ್ನು ನಾನು ಕೇಳಿಲ್ಲ. ಆ ನಾದ ತಗಡಿನ ಮಾಡಿಗೆ ಬಡಿದು, ಎಂಜಿನ್ನಿನ ಸದ್ದನ್ನು ಮೀರಿ, ಬಾಗಿಲಿನಿಂದ ಬೀದಿಗೆ ಹೋಯಿತು. ಅದು ಮುಗಿಯುವ ಮೊದಲೇ ಜನ ಸಿಳ್ಳೆ ಹಾಕತೊಡಗಿದರು. ತಂಗವೇಲು ಯಾರನ್ನೋ ಅಪ್ಪಿಕೊಂಡಿದ್ದರು. ನೋಡಿದರೆ ಅದು ಮ್ಯಾನೇಜರ್. ಸುಬ್ಬಾತಾಳ್ ಓಡಿ ಬಂದು ಸುತ್ತಿಗೆ ಕಸಿದುಕೊಂಡು ತಾನೂ ತಟ್ಟಿದಳು, ಮತ್ತೆ ತಟ್ಟಿದಳು. ಸಾಕು ಬಿಡು, ಒಡೆದೀಯೆ ಎಂದು ಪೆರಿಯಸಾಮಿ ಬೈದ.

ನೀಲಿ ಸೀರೆಯ ತುಂಬ ಮಸಿ. ಹಾಗೆಯೇ ಬಸ್ಸು ಹತ್ತಿ ಮನೆಗೆ ಬಂದೆ. ಅಪ್ಪ ಬಾಗಿಲಲ್ಲಿ ಕಾಯುತ್ತಿದ್ದರು.

"ಏನಾಯ್ತು ಭಾಮಾ?"

"ನಿಮಗೆ ಕೇಳಿಸಲಿಲ್ವಾ ಅಪ್ಪ?" ಎಂದೆ. "ಇಲ್ಲಿವರೆಗೂ ಕೇಳಿಸಿರಬೇಕು."